ಹಡಗಿನಲ್ಲಿ ಗಟ್ಟಿಮೇಳವಿಲ್ಲ

ನಾಗಮಂಗಲದಲ್ಲಿ ಸೌಮ್ಯಕೇಶವಸ್ವಾಮಿ ಗುಡಿಯ ಗೋಪುರ ಕಾಣುವ ಒಂದು ಜಗಲಿ. ಮಾವ ನಾಗಸ್ವರದವರು, ಊರಿನ ಬಾಯಲ್ಲಿ ‘ಓಲಗದವರು’. ಸೋದರಳಿಯ ಸ್ಯಾಕ್ಸೋಫೋನ್ ನುಡಿಸುತ್ತಾನೆ. ಪ್ರವಾಸಿ ಹಡಗೊಂದರ ಬ್ಯಾಂಡಿನಲ್ಲಿ ಆರು ತಿಂಗಳು ದುಡಿದು ಊರಿಗೆ ಬಂದು ಹದಿನೈದು ದಿನವಾಗಿತ್ತು. ಆಷಾಢ, ಮದುವೆಗಳಿಲ್ಲ, ಮಾವನಿಗೂ ಬಿಡುವು. ನಾನು ಪಕ್ಕದ ಮನೆಯವನು, ಕಾಫಿಯ ನೆಪದಲ್ಲಿ ಕೂತು ಕೇಳಿಸಿಕೊಂಡವನು.

ಮಾವ: ಶ್ರಾವಣದಲ್ಲಿ ಪಾಂಡವಪುರದ್ದೊಂದು ಮದುವೆ ಒಪ್ಕೊಂಡಿವ್ನಿ. ಸ್ಯಾಕ್ಸೋಫೋನೂ ಬೇಕು ಅಂದವ್ರೆ. ಇರ್ತೀಯೇನ್ಲಾ?

ಅಳಿಯ: ಹೇಳೋಕಾಗಲ್ಲ ಮಾವ. ಜಾಯಿನಿಂಗ್ ಪತ್ರ ಬಂದ್ರೆ ಹತ್ತು ದಿನದಲ್ಲಿ ಹೊರಡಬೇಕು.

ಮಾವ: ಲಗ್ನ ಇಟ್ಟೋರು ಎರಡು ತಿಂಗ್ಳು ಮುಂಚೆ ಎಲೆ ಅಡಿಕೆ ಕೊಟ್ಟು ಹೇಳ್ತಾರೆ. ನಿಮ್ಮ ದೊರೆಗಳು ಹತ್ತು ದಿನ ಮುಂಚೆ ಹೇಳ್ತಾರೆ, ಅದೂ ಫೋನಲ್ಲಿ. ಆಯ್ತು ಬುಡು. ಅಲ್ಲಿ ನಿಂದು ಏನ್ ಕೆಲಸ ಅಂತ ಇವತ್ತಾದ್ರೂ ಸರಿಯಾಗಿ ಹೇಳು. ನಿಮ್ಮವ್ವ ಊರಲ್ಲೆಲ್ಲ ‘ಮಗ ಹಡಗಲ್ಲಿ ಆಫೀಸರು’ ಅಂತ ಹೇಳ್ಕೊಂಡು ತಿರುಗ್ತಾವಳೆ.

ಅಳಿಯ: ಆಫೀಸರೂ ಇಲ್ಲ, ಏನೂ ಇಲ್ಲ. ಏಳು ಜನರ ಬ್ಯಾಂಡು. ರಾತ್ರಿ ಥಿಯೇಟರಲ್ಲಿ ಎರಡು ಶೋ. ಒಂದು ಊಟಕ್ಕೆ ಮುಂಚೆ ಬರೋರಿಗೆ, ಇನ್ನೊಂದು ಉಂಡು ಬರೋರಿಗೆ. ಹಾಡೋರು, ಕುಣಿಯೋರು, ಜಾದೂ ಮಾಡೋನು, ನಗಿಸೋನು, ಯಾರು ಬಂದ್ರೂ ಹಿಂದೆ ನಾವೇ. ಶೋ ಇಲ್ಲದ ದಿನ ಲಾಂಜಲ್ಲಿ ಮುಕ್ಕಾಲು ಗಂಟೆ ನುಡಿಸೋದು, ಕಾಲು ಗಂಟೆ ಬಿಡುವು, ಮತ್ತೆ ಮುಕ್ಕಾಲು ಗಂಟೆ. ಅದಕ್ಕೆ ಸೆಟ್ ಅಂತಾರೆ. ಇನ್ನೊಂದು ಕಡೆ ಪಿಯಾನೋದವನೊಬ್ಬನೇ ಕೂತಿರ್ತಾನೆ, ಮತ್ತೊಂದು ಕಡೆ ಪಿಟೀಲಿನ ಹುಡುಗೀರು. ಹಡಗೊಂದರಲ್ಲಿ ಒಂದೇ ಹೊತ್ತಿಗೆ ನಾಲ್ಕೈದು ಕಡೆ ವಾದ್ಯ ನಡೀತಿರುತ್ತೆ.

ಮಾವ: ಜಾತ್ರೆ ಇದ್ದಂಗೆ.

ಅಳಿಯ: ಜಾತ್ರೇನೇ. ತೇರು ಒಂದಿಲ್ಲ.

ಮಾವ: ರಿಹರ್ಸಲ್ ಎಷ್ಟು ದಿನ ಮಾಡಿಸ್ತಾರೆ?

ಅಳಿಯ: ದಿನ ಎಲ್ಲಿ ಬಂತು? ಹಾಡೋರು ಬೆಳಿಗ್ಗೆ ಬಂದರಲ್ಲಿ ಹತ್ತುತಾರೆ, ಮಧ್ಯಾಹ್ನ ನಮ್ಮ ಮುಂದೆ ಕಾಗದ ಹರಡ್ತಾರೆ, ರಾತ್ರಿ ಶೋ. ಕಂಡ ತಕ್ಷಣ ಓದಿ ನುಡಿಸಬೇಕು. ವಿಡಿಯೋ ಕಾಲಲ್ಲಿ ನನಗೆ ಪರೀಕ್ಷೆ ಮಾಡಿದ್ದೂ ಅದನ್ನೇ. ಕಾಗದ ತೋರಿಸಿದ್ರು, ಎರಡು ನಿಮಿಷ ನೋಡು ಅಂದ್ರು, ನುಡಿಸು ಅಂದ್ರು. ಸ್ಯಾಕ್ಸೋಫೋನ್ ಒಂದೇ ಬಂದ್ರೆ ಸಾಲದು, ಕ್ಲಾರಿನೆಟ್ಟೂ ಕೊಳಲೂ ಬೇಕು, ಒಂದೇ ಹಾಡಲ್ಲಿ ಮೂರನ್ನೂ ಬದಲಾಯಿಸೋ ಹಾಗೆ. ಮೈಸೂರಲ್ಲಿ ಮೂರು ವರ್ಷ ಇಂಗ್ಲಿಷ್ ನೊಟೇಶನ್ ಕಲಿತಿರದಿದ್ರೆ ನನ್ನನ್ನ ಬಂದರಿನ ಗೇಟಿನ ಒಳಕ್ಕೂ ಬಿಡ್ತಿರಲಿಲ್ಲ.

ಮಾವ: ಮೈಸೂರಲ್ಲಿ ಅದಕ್ಕೇನು ಬರವಿಲ್ಲ ಬುಡು. ನಮ್ಮಪ್ಪ ದಸರಾ ಮೆರವಣಿಗೆಲಿ ಅರಮನೆ ಇಂಗ್ಲಿಷ್ ಬ್ಯಾಂಡ್ ಕೇಳಿದ್ದನ್ನೇ ಸಾಯೋ ತನಕ ಹೇಳ್ತಿದ್ದ. ಈಗ ಅದೇ ಪೊಲೀಸ್ ಬ್ಯಾಂಡ್ ಆಗದೆ. ಜಯಚಾಮರಾಜ ಒಡೇರು ಸ್ವಂತ ಪಿಯಾನೋ ಬಾರಿಸೋರಂತಲ್ಲ?

ಅಳಿಯ: ಬಾರಿಸೋದು ಅಷ್ಟೇ ಅಲ್ಲ, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಾಸು ಮಾಡಿದ್ರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರೂ ಆದ್ರು. ನಮ್ಮ ಬ್ಯಾಂಡ್ ಲೀಡರ್‌ಗೆ ಇದನ್ನ ಹೇಳಿದೆ, ಮೈಸೂರು ಅಂದ್ರೆ ಯೋಗಾಸನ ಅಂತ ಮಾತ್ರ ಗೊತ್ತಿತ್ತು ಅವನಿಗೆ.

ಮಾವ: ಕದ್ರಿ ಗೋಪಾಲನಾಥರೂ ಆ ಅರಮನೆ ಬ್ಯಾಂಡಲ್ಲೇ ಅಲ್ವಾ ಸ್ಯಾಕ್ಸೋಫೋನ್ ಕಂಡಿದ್ದು? ಬಂಟ್ವಾಳದ ಕಡೆ ನಾಗಸ್ವರದವರ ಮಗ, ನಿನ್ನಂಗೇ. ಅಪ್ಪನ ವಾದ್ಯ ಬುಟ್ಟು ಹಿತ್ತಾಳೆದು ಹಿಡ್ಕೊಂಡ್ರು. ಆದ್ರೆ ಅವರು ಹಿತ್ತಾಳೆನೇ ನಾಗಸ್ವರದಂಗೆ ಮಾತಾಡಿಸಿದ್ರು. 1994ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಲ್ಲಿ ಬಿಬಿಸಿಯೋರು ಕರೆಸಿ ಕೂರಿಸಿ ಕೇಳಿದ್ರು. ಕೂತು ಕೇಳೋರ ಮುಂದೆ ನುಡಿಸೋದು ಬೇರೆ. ನಿನ್ನ ಹಡಗಲ್ಲಿ ಅವರು ಕೂತು ಕೇಳ್ತಾರೋ, ಇಲ್ಲ ತಿಂತಾ ಕೇಳ್ತಾರೋ?

ಅಳಿಯ: ಥಿಯೇಟರಲ್ಲಿ ಕೂತು. ಲಾಂಜಲ್ಲಿ... ನೀನು ಬೀಗರೂಟದಲ್ಲಿ ನುಡಿಸ್ತೀಯಲ್ಲ, ಹಂಗೆ.

(ಮಾವ ಜೋರಾಗಿ ನಕ್ಕರು. ಬೀಗರೂಟದಲ್ಲಿ ಓಲಗ ಕೇಳುವವರು ಯಾರೂ ಇರುವುದಿಲ್ಲ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುದ್ದೆಗೂ ಮಾಂಸಕ್ಕೂ ನಡುವೆ ಕಲ್ಯಾಣಿ ರಾಗಕ್ಕೆ ಜಾಗವೆಲ್ಲಿ?)

ಮಾವ: ಗಮಕ ಹಾಕಕ್ಕೆ ಬುಡ್ತಾರಾ?

ಅಳಿಯ: ಮೊದಲನೇ ವಾರ ಒಂದು ಸ್ವರವನ್ನ ಸುಮ್ನೆ ಸ್ವಲ್ಪ ತೂಗಿದೆ. ಲೀಡರ್ ತಿರುಗಿ ನೋಡಿದ. ಬೈಲಿಲ್ಲ. ಶೋ ಮುಗಿದ ಮೇಲೆ ಬಂದು, ನೇರ ಹಿಡಿ, ಪಕ್ಕದ ಟ್ರಂಪೆಟ್‌ನವನಿಗೆ ನಿನ್ನ ಸ್ವರ ಎಲ್ಲಿದೆ ಅಂತ ಗೊತ್ತಾಗಬೇಕು ಅಂದ. ಅವನ ಮಾತು ಸರಿಯೇ. ಅಲ್ಲಿ ಮೂರು ವಾದ್ಯ ಮೂರು ಬೇರೆ ಸ್ವರ ಹಿಡಿದು ಒಟ್ಟಿಗೆ ಒಂದಾಗಬೇಕು, ಒಬ್ಬ ಅಲ್ಲಾಡಿಸಿದ್ರೆ ಮೂರೂ ಕೆಡುತ್ತೆ. ಎರಡು ತಿಂಗಳಾದ ಮೇಲೆ ಒಂದು ರಾತ್ರಿ, ಲಾಂಜ್ ಖಾಲಿ ಇತ್ತು, ಫಿಲಿಪೀನ್ಸಿನ ಪಿಯಾನೋದವನು ಏನಾದ್ರೂ ನಿಮ್ಮೂರಿಂದು ನುಡಿಸು ಅಂದ. ಮೋಹನ ಎತ್ತಿಕೊಂಡೆ. ಐದೇ ಸ್ವರ ನೋಡು, ಅವನಿಗೂ ಅವು ಚೆನ್ನಾಗಿ ಗೊತ್ತು, ತಕ್ಷಣ ಕೈ ಸೇರಿಸಿದ. ಬಾರ್‌ನವನು ಗ್ಲಾಸ್ ಒರೆಸೋದು ನಿಲ್ಲಿಸಿ ನಿಂತ. ಆರು ತಿಂಗಳಲ್ಲಿ ನಾನು ನಾನಾಗಿ ನುಡಿಸಿದ್ದು ಅವತ್ತು ಇಪ್ಪತ್ತು ನಿಮಿಷ.

ಮಾವ: ತಾಳ ಯಾರು ಹಾಕ್ತಾರೆ? ಡೋಲು?

ಅಳಿಯ: ಡ್ರಮ್ಮರ್ ಇದ್ದಾನೆ. ಆದ್ರೆ ದೊಡ್ಡ ಶೋಗಳಲ್ಲಿ ಯಜಮಾನ ಅವನೂ ಅಲ್ಲ. ಕಿವಿಯೊಳಗೆ ಒಂದು ಯಂತ್ರ, ಟಿಕ್ ಟಿಕ್ ಅಂತಿರುತ್ತೆ. ಅದಕ್ಕೆ ಕ್ಲಿಕ್ ಅಂತಾರೆ. ದೀಪ, ಪರದೆ, ಕುಣಿಯೋರ ಹೆಜ್ಜೆ ಎಲ್ಲ ಆ ಕ್ಲಿಕ್ಕಿಗೆ ಕಟ್ಟಿರ್ತಾರೆ. ಅರ್ಧ ಮಾತ್ರೆ ಆಚೀಚೆ ಆದ್ರೆ ದೀಪ ಒಂದು ಕಡೆ, ಹೆಣ್ಣುಮಗಳು ಇನ್ನೊಂದು ಕಡೆ.

ಮಾವ: ಅಂದ್ರೆ ನಿಲ್ಲಿಸೋಕೂ ಆಗಲ್ಲ, ಬೆಳೆಸೋಕೂ ಆಗಲ್ಲ.

ಅಳಿಯ: ಆಗಲ್ಲ.

ಮಾವ: ಹಂಗಾದ್ರೆ ಮುಹೂರ್ತ ಹೆಂಗೆ ಹಿಡೀತೀರ?

ಅಳಿಯ: ಯಾವ ಮುಹೂರ್ತ ಮಾವ?

ಮಾವ: ನೋಡ್ಲಾ, ಈ ಕೆಲಸದಲ್ಲಿ ಇರೋದೇ ಅದೊಂದು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಚಪ್ಪರದಲ್ಲಿ ಕೂರ್ತೀವಿ, ಯಾರೂ ಕೇಳಲ್ಲ. ಹೆಣ್ಣಿನ ಮಾವ ಸೀರೆ ಲೆಕ್ಕ ಮಾಡ್ತಿರ್ತಾನೆ, ಹುಡುಗ್ರು ಫೋಟೋ ಹಿಡೀತಿರ್ತವೆ, ಅಡುಗೆ ಮನೇಲಿ ಜಗಳ. ನಾವು ಕಾಯ್ತಿರ್ತೀವಿ. ಬೆರಳು ತೂತಿನ ಮೇಲೆ, ಕಣ್ಣು ಐನೋರ ಕೈ ಮೇಲೆ. ಆನಂದಭೈರವಿ ನುಡಿಸ್ತಿರ್ತೀನಿ, ಐನೋರು ಇನ್ನೂ ಅಕ್ಷತೆ ಹುಡುಕ್ತಾವ್ರೆ ಅಂದ್ರೆ ಅದನ್ನೇ ಬೆಳೆಸ್ತೀನಿ. ಬೇಗ ಆಯ್ತು ಅಂದ್ರೆ ಅರ್ಧಕ್ಕೇ ಮುರೀತೀನಿ. ಅವರು ಕೈ ಎತ್ತಿ ‘ಗಟ್ಟಿಮೇಳ, ಗಟ್ಟಿಮೇಳ’ ಅಂತಾರೆ ನೋಡು. ಆವಾಗ ಡೋಲಿನೋನಿಗೂ ನನಗೂ ಮೈಯೆಲ್ಲ ಕೈ. ಸೀರೆ ಲೆಕ್ಕ ಮಾಡ್ತಿದ್ದೋನೂ ತಿರುಗ್ತಾನೆ, ಅಡುಗೆಯೋನೂ ಸೌಟು ಹಿಡ್ಕೊಂಡೇ ಬಾಗಿಲಿಗೆ ಬತ್ತಾನೆ. ಅಪಶಕುನದ ಮಾತೊಂದು ಕಿವಿಗೆ ಬೀಳಬಾರದು ಅಂತ ನಮ್ಮನ್ನ ಕೂರಿಸಿರೋದು. ನಾವು ಬಾರಿಸದೆ ತಾಳಿ ಬೀಳಲ್ಲ. ಇಡೀ ದಿನದ ಕೂಲಿ ಆ ಒಂದು ನಿಮಿಷಕ್ಕೆ. ನಿನ್ನ ಹಡಗಲ್ಲಿ ಆ ನಿಮಿಷ ಯಾವುದು?

ಅಳಿಯ: ಇಲ್ಲ ಮಾವ. ನಾವು ನಿಲ್ಲಿಸಿದ್ರೆ ಸ್ಪೀಕರಲ್ಲಿ ಹಾಡು ಬರುತ್ತೆ. ಯಾರೂ ಗಮನಿಸಲ್ಲ.

(ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನು ಬಾಯಿ ಹಾಕಿ, ಈಗ ಊರಲ್ಲೂ ಗಟ್ಟಿಮೇಳವನ್ನು ಪೆನ್‌ಡ್ರೈವಿನಿಂದ ಹಾಕುವ ಛತ್ರಗಳಿವೆಯಲ್ಲ ಎಂದೆ. ಮಾವ ನನ್ನ ಕಡೆ ನೋಡಿದ ನೋಟದಿಂದ ನನ್ನ ಕಾಫಿ ಆರಿತು.)

ಅಳಿಯ: ಆ ನಿಮಿಷ ಒಂದು ಸಲ ಇತ್ತು. ನಮ್ಮ ಹಡಗಲ್ಲಿ ಅಲ್ಲ. ಚಳಿಗಾಲ ಪೂರ್ತಿ ಕೆರಿಬಿಯನ್ ಕಡೆ ಸುತ್ತಿ, ಏಪ್ರಿಲಲ್ಲಿ ಅಟ್ಲಾಂಟಿಕ್ ದಾಟಿ ಇಂಗ್ಲೆಂಡಿಗೆ ಬಂದ್ವಿ. ಹಡಗುಗಳೂ ನಮ್ಮ ಲಗ್ನದ ತಿಂಗಳ ಥರ, ಎಲ್ಲಿ ಕಾಲ ಚೆನ್ನಾಗಿದೆಯೋ ಅಲ್ಲಿಗೆ ಹೋಗ್ತವೆ. ಸೌತಾಂಪ್ಟನ್ ಅಂತ ಬಂದರು. 1912ರ ಏಪ್ರಿಲ್ 10ಕ್ಕೆ ಟೈಟಾನಿಕ್ ಹೊರಟಿದ್ದು ಅಲ್ಲಿಂದಲೇ. ಊರೊಳಗೆ ನಡೆದು ಹೋಗುವಷ್ಟು ದೂರದಲ್ಲಿ ಆ ಹಡಗಿನ ವಾದ್ಯದವರಿಗೆ ಅಂತಲೇ ಒಂದು ಸ್ಮಾರಕ ಇದೆ. ಎಂಟು ಜನ. ಹಡಗು ಮುಳುಗೋವಾಗ ಡೆಕ್ ಮೇಲೆ ನಿಂತು ನುಡಿಸ್ತಾ ಇದ್ರು, ಜನ ಗಾಬರಿ ಬೀಳದಿರಲಿ ಅಂತ. ಒಬ್ಬರೂ ಉಳಿಯಲಿಲ್ಲ.

ಮಾವ: ಅದು ಗಟ್ಟಿಮೇಳ ಕಣಪ್ಪ. ಕೆಟ್ಟ ಮಾತು ಕಿವಿಗೆ ಬೀಳದಿರಲಿ ಅಂತ ಬಾರಿಸಿದ್ದು. ಅವರ ಮನೆಯೋರಿಗೆ ಏನ್ ಕೊಟ್ರು?

ಅಳಿಯ: ಕೊಡೋದಾ? ಆ ವಾದ್ಯದವರನ್ನ ಹಡಗಿನ ಕಂಪನಿ ನೇಮಿಸಿರಲಿಲ್ಲ, ಲಿವರ್‌ಪೂಲಿನ ಒಂದು ಏಜೆನ್ಸಿ ಕಳಿಸಿತ್ತು. ಹಡಗಿನ ಕಾಗದದಲ್ಲಿ ಎರಡನೇ ದರ್ಜೆ ಪ್ರಯಾಣಿಕರು ಅಂತ ಬರೆದಿದ್ರು. ಮನೆಯವರು ಪರಿಹಾರ ಕೇಳಿದ್ದಕ್ಕೆ ಅವರು ನಮ್ಮ ನೌಕರರೇ ಅಲ್ಲ ಅಂದಿತು ಕಂಪನಿ. ಏಜೆನ್ಸಿಯವರು ಪಿಟೀಲಿನ ಒಬ್ಬ ಹುಡುಗನ ಅಪ್ಪನಿಗೆ ಮಗನ ಸಮವಸ್ತ್ರದ ಬಾಕಿ ಕಟ್ಟಿ ಅಂತ ಬಿಲ್ ಕಳಿಸಿದ್ರು.

ಮಾವ: ಥೂ!

ಅಳಿಯ: ಅದಕ್ಕೇ ನಾನು ಕಾಗದ ಕಾಗದ ಅಂತ ಸಾಯೋದು. ನೀನು ಎಲೆ ಅಡಿಕೆ ನಂಬಿ ಹೋಗ್ತೀಯ. ಕಾರ್ತೀಕದಲ್ಲಿ ಆ ಛತ್ರದವರು ಅರ್ಧ ದುಡ್ಡು ಹಿಡಿದುಕೊಂಡರಲ್ಲ, ಏನ್ ಮಾಡಿದೆ? ಹಡಗಲ್ಲಿ ಹಂಗಲ್ಲ. ಸಾಗರ ಕಾರ್ಮಿಕ ಒಪ್ಪಂದ ಅಂತ 2006ರದ್ದು ಇದೆ, 2013ರಿಂದ ಜಾರಿಯಲ್ಲಿದೆ, ನಮ್ಮ ದೇಶ 2015ರಲ್ಲಿ ಒಪ್ಪಿತು. ಅದರ ಪ್ರಕಾರ ಬ್ಯಾಂಡಿನವನೂ ನಾವಿಕನೇ, ಎಂಜಿನ್ ರೂಮಿನವನ ಹಾಗೆ. ಇಪ್ಪತ್ನಾಲ್ಕು ಗಂಟೆಲಿ ಹತ್ತು ಗಂಟೆ ವಿಶ್ರಾಂತಿ ಕೊಡಲೇಬೇಕು, ವಾರಕ್ಕೆ 77 ಗಂಟೆ. ಕೆಲಸ ಮುಗಿದ ಮೇಲೆ ಊರಿಗೆ ಕಳಿಸೋ ಟಿಕೆಟ್ಟು ಹಡಗಿನವರದ್ದು. ಕೆಲಸ ಕೊಡಿಸ್ತೀನಿ ಅಂತ ನಮ್ಮ ಹತ್ರ ಯಾರೂ ಕಮಿಷನ್ ತಗೊಳ್ಳೋ ಹಾಗಿಲ್ಲ.

ಮಾವ: ನೀನು ಕೊಟ್ಟೆಯಲ್ಲ, ಬೆಂಗಳೂರಲ್ಲಿ ಒಬ್ಬನಿಗೆ. ನಿಮ್ಮವ್ವನ ಓಲೆ ಅಡ ಇಟ್ಟು.

ಅಳಿಯ: ಕೊಟ್ಟೆ. ಗೊತ್ತಿರಲಿಲ್ಲ. ಮುಂಬೈಲಿ ಡಿ.ಜಿ. ಶಿಪ್ಪಿಂಗ್ ಅಂತ ಸರ್ಕಾರದ ಕಚೇರಿ ಇದೆ, ಅವರ ಲೈಸೆನ್ಸ್ ಇರೋ ಏಜೆಂಟರ ಪಟ್ಟಿ ಯಾರು ಬೇಕಾದ್ರೂ ನೋಡಬಹುದು. ಅವನ ಹೆಸರು ಅದರಲ್ಲಿ ಇರಲೇ ಇಲ್ಲ. ಆಮೇಲೆ ಸರಿಯಾದ ದಾರಿಲಿ ಹೋದೆ. ಸಿ.ಡಿ.ಸಿ. ಅಂತ ನಾವಿಕರ ಪುಸ್ತಕ ಮಾಡಿಸಿದೆ, ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡೆ, ಅಮೆರಿಕದ ವೀಸಾಕ್ಕೆ ಚೆನ್ನೈಲಿ ಸಾಲಲ್ಲಿ ನಿಂತೆ. ಅದಕ್ಕೂ ಮುಂಚೆ ಸುರಕ್ಷತಾ ಕೋರ್ಸು. ಬೆಂಕಿ ಆರಿಸೋದು, ಪ್ರಥಮ ಚಿಕಿತ್ಸೆ, ಲೈಫ್ ಜಾಕೆಟ್ ಹಾಕ್ಕೊಂಡು ಎತ್ತರದಿಂದ ನೀರಿಗೆ ಹಾರೋದು, ಕವುಚಿಬಿದ್ದ ತೆಪ್ಪವನ್ನ ನೀರಲ್ಲೇ ನೆಟ್ಟಗೆ ಮಾಡೋದು.

ಮಾವ: ಶ್ರೀರಂಗಪಟ್ಟಣದ ಹುಡುಗ್ರಾಗಿದ್ರೆ ಹುಟ್ಟುತ್ಲೇ ಕಾವೇರಿಗೆ ಬಿದ್ದಿರೋವು. ನಮ್ಮ ನಾಗಮಂಗಲದೋರು ಸಮುದ್ರಕ್ಕೆ ಹಾರೋದು ಅಂದ್ರೆ! ಮಳೆ ಬಿದ್ರೆ ನೀರು, ಇಲ್ದಿದ್ರೆ ಟ್ಯಾಂಕರು. ಸರಿ, ಎದ್ದು ಬಿದ್ದು ಪಾಸಾದೆಯಲ್ಲ. ಸಂಬಳ ಎಷ್ಟು ಕೊಟ್ರು?

(ಅಳಿಯ ಹೇಳಿದ. ಅದನ್ನು ಇಲ್ಲಿ ಬರೆಯಲಾರೆ, ಹುಡುಗನಿಗೆ ಹೆಣ್ಣು ನೋಡುತ್ತಿದ್ದಾರೆ. ಮಾವ ಎರಡು ಲಗ್ನದ ಋತುಗಳ ಲೆಕ್ಕವನ್ನು ಬೆರಳಲ್ಲಿ ಎಣಿಸಿ ಕೈ ಕೆಳಗಿಟ್ಟರು, ಅಷ್ಟು ಹೇಳಬಹುದು.)

ಅಳಿಯ: ಊಟಕ್ಕೂ ಮಲಗೋಕೂ ಖರ್ಚಿಲ್ಲ, ಅದಕ್ಕೇ ಉಳಿಯೋದು. ಕೋಣೆ ನೀರಿನ ಮಟ್ಟಕ್ಕಿಂತ ಕೆಳಗೆ, ಕಿಟಕಿ ಇಲ್ಲ, ಇಬ್ಬರಿಗೆ ಮೇಲೊಂದು ಕೆಳಗೊಂದು ಮಂಚ. ಬೆಳಗಾಯ್ತಾ ಕತ್ತಲಾಯ್ತಾ ಫೋನ್ ನೋಡಿ ತಿಳ್ಕೋಬೇಕು. ಅನ್ನ ಸಾರು ದಿನಾ ಸಿಗುತ್ತೆ, ಇಂಡಿಯಾದವರೂ ಫಿಲಿಪೀನ್ಸಿನವರೂ ಅಷ್ಟು ಜನ ಇದ್ದೀವಿ. ಮುದ್ದೆ ಒಂದಿಲ್ಲ.

ಮಾವ: ಎಲ್ರೂ ಒಟ್ಟಿಗೇ ಉಣ್ತೀರಾ?

ಅಳಿಯ: ಇಲ್ಲ. ಮೂರು ಮೆಸ್ ಇದೆ. ಆಫೀಸರುಗಳದ್ದು ಒಂದು, ನಮ್ಮಂಥವರದ್ದು ಒಂದು, ಅಡುಗೆಮನೆ, ಕೋಣೆ ಗುಡಿಸೋರು, ಎಂಜಿನ್ನಿನವರು, ಇವರದ್ದೊಂದು. ನಮಗೆ ಹೆಸರಿನ ಪಟ್ಟಿ ಹಾಕ್ಕೊಂಡು ಒಳ್ಳೆ ಬಟ್ಟೆಲಿ ಪ್ರಯಾಣಿಕರ ಕಡೆ ಹೋಗಿ ಉಣ್ಣೋಕೂ ಬಿಡ್ತಾರೆ. ಪಾತ್ರೆ ತೊಳೆಯೋರಿಗೆ ಬಿಡಲ್ಲ.

ಮಾವ: ಪಂಕ್ತಿ!

ಅಳಿಯ: ಪಂಕ್ತಿನೇ. ಆದ್ರೆ ಅದು ಕೆಲಸದ್ದು ಮಾವ, ಹುಟ್ಟಿನದ್ದಲ್ಲ. ಇಲ್ಲಿ ನಾನು ಚಿಕ್ಕೋನಿದ್ದಾಗ ನಿನ್ನ ಜೊತೆ ಶ್ರುತಿ ಹಿಡಿಯೋಕೆ ಬಂದಿದ್ದೆ, ಒಂದು ದೊಡ್ಡ ಮನೆ ಮದುವೆಗೆ. ಬೆಳಗ್ಗಿನ ಜಾವದಿಂದ ಊದಿ ಮೂರು ಗಂಟೆಗೆ ಕೊನೇ ಪಂಕ್ತಿಲಿ, ಅದೂ ಚಪ್ಪರದ ಹೊರಗೆ ಕೂರಿಸಿದ್ರು. ನೀನು ಏನೂ ಅನ್ನಲಿಲ್ಲ. ನಾನು ಮರೆತಿಲ್ಲ. ಹಡಗಲ್ಲಿ ನೀನು ಯಾರ ಮಗ ಅಂತ ಆರು ತಿಂಗಳಲ್ಲಿ ಒಬ್ಬನೂ ಕೇಳಲಿಲ್ಲ.

ಮಾವ: ಹ್ಞೂಂ. ಕ್ಯಾಪ್ಟನ್ನು ಯಾವ ದೇಶದೋನು?

ಅಳಿಯ: ಇಟಲಿ.

ಮಾವ: ಪಾತ್ರೆ ತೊಳೆಯೋರು?

ಅಳಿಯ: ...ನಮ್ಮವರು. ಇಂಡೋನೇಷ್ಯಾದವರು.

ಮಾವ: ಹುಟ್ಟಿಂದಲ್ಲ ಅಂತೀಯ.

ಅಳಿಯ: ಆದ್ರೂ ಬೇರೆ ಮಾವ. ಪಾತ್ರೆ ತೊಳೀತಿದ್ದ ನಮ್ಮ ಗೋವಾದ ಹುಡುಗ ಮುಂದಿನ ಕಾಂಟ್ರಾಕ್ಟಿಗೆ ಬಡಿಸೋ ಕೆಲಸಕ್ಕೆ ಬಡ್ತಿ ಪಡೆದ. ನಮ್ಮೂರಲ್ಲಿ ಓಲಗದವನು ಬಡ್ತಿ ಪಡೆದು ಏನಾಗ್ತಾನೆ ಹೇಳು?

ಮಾವ: ಸತ್ತ ಮೇಲೆ ‘ವಿದ್ವಾನ್’ ಆಗ್ತಾನೆ.

(ಗೋವಾ ಎಂದಾಗ ನೆನಪಾಯಿತು. ಹಡಗಿನಲ್ಲಿ ವಾದ್ಯ ನುಡಿಸಿ ಬದುಕಿದ ಭಾರತೀಯರ ಕಥೆ ಬಹುಪಾಲು ಗೋವಾದವರದ್ದೇ. ಚರ್ಚಿನ ಶಾಲೆಗಳಲ್ಲಿ ನೊಟೇಶನ್ ಓದಲು ಕಲಿತವರು ಬ್ರಿಟಿಷರ ಕಾಲದ ಹಡಗುಗಳ ಬ್ಯಾಂಡಿಗೂ ಮುಂಬೈಯ ಹೋಟೆಲುಗಳಿಗೂ ಅಲ್ಲಿಂದ ಹಿಂದಿ ಸಿನಿಮಾದ ವಾದ್ಯವೃಂದಕ್ಕೂ ಹೋದರು. ಕಾಗದ ಓದಬಲ್ಲ ಬೆರಳು ಅವರಿಗೆ ಪಾಸ್‌ಪೋರ್ಟಾಯಿತು. ನಮ್ಮ ಓಲಗದವರ ಕಿವಿಗೆ ಹಾಗೆ ಬೆಲೆ ಕಟ್ಟಿದವರಿಲ್ಲ. 2021ರಿಂದ ಮುಂಬೈನಿಂದಲೇ ಹೊರಡುವ ಕಾರ್ಡೀಲಿಯಾ ಹಡಗು ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆ ಓಡಾಡುತ್ತದೆ. ಅಲ್ಲಿಯಾದರೂ ಒಂದು ನಾಗಸ್ವರಕ್ಕೆ ಜಾಗ ಸಿಕ್ಕೀತೇ ಎಂಬ ಆಸೆ ನನಗುಂಟು, ನಂಬಿಕೆ ಇಲ್ಲ.)

ಅಳಿಯ: ಕೋವಿಡ್ ಬಂದಾಗ ಮಾತ್ರ ಹಡಗೂ ಊರೂ ಎರಡೂ ಒಂದೇ ಆಯ್ತು. 2020ರ ಮಾರ್ಚಲ್ಲಿ ಹಡಗುಗಳೆಲ್ಲ ನಿಂತವು, ಕೆಲಸದವರು ಇಳಿಯೋಕೆ ಬಂದರು ಸಿಗದೆ ತಿಂಗಳುಗಟ್ಟಲೆ ನೀರಲ್ಲೇ ಇದ್ರು.

ಮಾವ: ಇಲ್ಲಿ ಮದುವೆಗೆ ಐವತ್ತೇ ಜನ ಅಂದ್ರು. ಐವತ್ತರಲ್ಲಿ ಓಲಗದ ಐದು ಜನ ಯಾಕೆ ಅಂತ ನಮ್ಮನ್ನೇ ಮೊದಲು ಬುಟ್ರು.

ಅಳಿಯ: ನಿನ್ನಿಂದ ಅಲ್ಲಿ ಒಂದು ಉಪಕಾರ ಆಯ್ತು, ಹೇಳೋದು ಮರೆತಿದ್ದೆ. ಅಟ್ಲಾಂಟಿಕ್ ದಾಟೋವಾಗ ನಾಲ್ಕು ದಿನ ಹಡಗು ಓಲಾಡ್ತಿತ್ತು. ಟ್ರಂಪೆಟ್‌ನವನು ನಿಲ್ಲೋಕಾಗದೆ ಕುರ್ಚಿ ಹಿಡಿದ. ನಾನು ನಿಂತೇ ನುಡಿಸಿದೆ. ಹೆಂಗಪ್ಪಾ ಅಂದ್ರು. ನಮ್ಮೂರಲ್ಲಿ ಗುಂಡಿ ಬಿದ್ದ ರಸ್ತೇಲಿ, ಹಿಂದಕ್ಕೆ ನಡೀತಾ, ಗಂಡಿನ ಕಡೆಯವರ ಮುಖ ನೋಡ್ಕೊಂಡು, ಪಟಾಕಿ ಹೊಗೆಲಿ ನುಡಿಸ್ತೀವಿ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ.

ಮಾವ: ಮೇಲುಕೋಟೆ ವೈರಮುಡಿಗೆ ಕರ್ಕೊಂಡ್ ಬಾ ಅವರನ್ನ. ರಾತ್ರಿಯೆಲ್ಲ ಆ ಜನದೊಳಗೆ ಉಸಿರು ಹಿಡಿದು ನಿಲ್ಲಲಿ, ನೋಡಾನ.

ಅಳಿಯ: ಇನ್ನೊಂದು ಆಸೆ ಇತ್ತು. ಶ್ರೀರಂಗಪಟ್ಟಣ ಬಿದ್ದಾಗ, 1799ರಲ್ಲಿ, ಇಂಗ್ಲಿಷಿನವರು ಟಿಪ್ಪುವಿನ ಮರದ ಹುಲಿ ಹೊತ್ತುಕೊಂಡು ಹೋದ್ರಲ್ಲ. ಅದರ ಹೊಟ್ಟೆಯೊಳಗೆ ಕೊಳವೆಗಳು, ಕೀಲಿಮಣೆ ಇರೋ ಆರ್ಗನ್ ಇದೆ. ನಮ್ಮ ಸೀಮೆಯಿಂದ ಹಡಗು ಹತ್ತಿದ ವಾದ್ಯ ಅದು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಲ್ಲಿದೆ. ಸೌತಾಂಪ್ಟನ್ನಿಂದ ರೈಲು ಹತ್ತಿ ನೋಡಿ ಬರೋಣ ಅಂತಿದ್ದೆ. ಮಧ್ಯಾಹ್ನ ಹಾಡೋಳ ರಿಹರ್ಸಲ್ ಇಟ್ರು.

ಮಾವ: ಅದು ಹೋದದ್ದು ವಾಪಸ್ ಬರಲಿಲ್ಲ. ನೀನು ಬಂದಿದ್ದೀಯಲ್ಲ, ಅಷ್ಟೇ ಸಾಕು. ಎಲ್ಲಿ, ಆ ಪೆಟ್ಟಿಗೆ ತೆಗಿ. ...ಏನ್ಲಾ ಇದು, ಹಿತ್ತಾಳೆ ಮೇಲೆಲ್ಲ ಹಸಿರು?

ಅಳಿಯ: ಉಪ್ಪು ಗಾಳಿ. ಡೆಕ್ ಮೇಲೆ ಪಾರ್ಟಿ ಇದ್ದಾಗ ನುಡಿಸಿದ್ದು. ಒಳಗೆ ಎಸಿ, ಹೊರಗೆ ಉಪ್ಪು. ಪ್ಯಾಡುಗಳು ಒಣಗಿ ಸೀಳಿವೆ. ಕೆಳಗಿನ ಸ್ವರ ಸರಿಯಾಗಿ ಕೂರ್ತಿಲ್ಲ.

ಮಾವ: ಕಂಚು ಹಿತ್ತಾಳೆ ಕೆಲಸಕ್ಕೆ ಹೆಸರಾಗಿದ್ದ ಊರಿಗೆ ಹಸಿರು ಹತ್ತಿದ ಹಿತ್ತಾಳೆ ತಂದಿದ್ದೀಯ. ಹುಣಿಸೆ ಹಣ್ಣು ಹಾಕ್ಬೇಡ, ಪಾಲಿಶ್ ಹೋಯ್ತದೆ. ಮೈಸೂರಲ್ಲಿ ರಿಪೇರಿಯೋರ ಹತ್ರ ತಗೊಂಡ್ ಹೋಗು, ಈ ವಾರವೇ. ಶ್ರಾವಣದೊಳಗೆ ಕೈಗೆ ಬರಬೇಕು.

(ಅಷ್ಟರಲ್ಲಿ ಅಳಿಯನ ಫೋನು ಕಿಣಿ ಎಂದಿತು. ಓದಿದ. ಇನ್ನೊಮ್ಮೆ ಓದಿದ. ಫೋನನ್ನು ಮಾವನ ಕೈಗೆ ಕೊಟ್ಟ. ಅವರಿಗೆ ಇಂಗ್ಲಿಷ್ ಬಾರದು, ಅಂಕಿ ಬರುತ್ತದೆ. ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಿ, ಉಗುರಲ್ಲಿ ಗೀರಿದ್ದ ಮನೆಯ ಮೇಲೆ ಬೆರಳಿಟ್ಟರು.)

ಮಾವ: ಪಾಂಡವಪುರದ್ದು ಸೋಮವಾರ. ಇದು ಯಾವತ್ತು?

ಅಳಿಯ: ಹಿಂದಿನ ಶನಿವಾರ. ಬೆಂಗಳೂರಿಂದ ಬಾರ್ಸಿಲೋನಾ.

ಮಾವ: ಹ್ಞೂಂ.

ಅಳಿಯ: ಮಾವ...

ಮಾವ: ಕೆ.ಆರ್. ಪೇಟೆಲಿ ಒಬ್ಬ ಹುಡುಗ ಇದ್ದನಲ್ಲ, ನಿನ್ನ ಜೊತೆ ಮೈಸೂರಲ್ಲಿ ಕಲಿತಿದ್ದೋನು. ಸ್ಯಾಕ್ಸೋಫೋನ್ ಹಿಡಿಯೋನು.

ಅಳಿಯ: ಇದ್ದಾನೆ. ಚೆನ್ನಾಗಿ ನುಡಿಸ್ತಾನೆ. ಆದ್ರೆ ಅವನಿಗೆ ಗಟ್ಟಿಮೇಳ ಹಿಡಿದು ಅಭ್ಯಾಸ ಇಲ್ಲ, ಆರ್ಕೆಸ್ಟ್ರಾದವನು.

ಮಾವ: ನಾನಿರ್ತೀನಲ್ಲ. ನನ್ನ ಮುಖ ನೋಡ್ಕೊಂಡು ನುಡಿಸು ಅಂತ ಹೇಳ್ತೀನಿ. ನಂಬರ್ ಕೊಡು.